ಅಂಟಿಸದೆ ಉಳಿದ ಒಂದು ಹಾಳೆ

ನನ್ನ ಮೊಮ್ಮಗಳು ಗೆದ್ದಳು! ಇನ್ನು ಮುಂದೆ ನಮ್ಮೋಳ ಕತೆಯನ್ನು ಬರೆಯುವವಳು ಅವಳೇ. ಇವತ್ತು ಬೆಳಗ್ಗೆ ಫೋನ್ ಬಂತು. ನಾನು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ, ನೆನೆದ ಅವರೆಕಾಳನ್ನು ಹಿತುಕುತ್ತಾ ಕೂತಿದ್ದೆ. "ಅಜ್ಜೀ, ಆಯ್ತು ಕಣಜ್ಜೀ, ನಂಗೇ ಕೊಟ್ರು" ಎಂದು ಕೂಗಿಕೊಂಡು ಬಂದವಳು ನನ್ನ ಒದ್ದೆ ಕೈಗಳನ್ನೇ ಹಿಡಿದು ಎಬ್ಬಿಸಿ, ಮಂಡಿ ನೋವಿನ ಮುದುಕಿ ಎಂಬುದನ್ನೂ ನೋಡದೆ ಒಂದು ಸುತ್ತು ಕುಣಿಸಿಬಿಟ್ಟಳು. ಬೇಳೆಯೆಲ್ಲ ಚೆಲ್ಲಿತು. ಚೆಲ್ಲಲಿ! ಕುರುಬರಹಳ್ಳಿಯ ನಮ್ಮ ಬೀದಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿ ಬಂದೆ. ಹೂವಿನವಳು "ಸರ್ಕಾರಿ ಕೆಲಸಾನಾ ಅಜ್ಜಿ?" ಎಂದು ಕೇಳಿದಳು. "ಅದಕ್ಕಿಂತ ದೊಡ್ಡದು ಕಣಮ್ಮಾ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆದರೂ ಒಂದು ಮೊಳ ಹೂವು ಜಾಸ್ತಿ ಕೊಟ್ಟಳು.

ನಮ್ಮೋಳು ಯಾರು ಎಂದು ಹೇಳದಿದ್ದರೆ ನಿಮಗೂ ಅರ್ಥವಾಗದು. ಅವಳು ಕಾಮಿಕ್ಸ್ ಪುಸ್ತಕದ ಹುಡುಗಿ. ಪುಸ್ತಕದ ಮೇಲೆ ಅವಳಿಗೆ ದೊಡ್ಡ ಹೆಸರಿತ್ತು, ಬೈಂಡಿಂಗ್ ಹೆಂಗಸರಾದ ನಾವು ಮಾತ್ರ ನಮ್ಮೋಳು ಅಂತಲೇ ಕರೆಯುತ್ತಿದ್ದೆವು. ನಾನು ಓದಿದ್ದು ಮೂರನೇ ಕ್ಲಾಸು. ಮಿಕ್ಕಿದ್ದನ್ನೆಲ್ಲ ಕಲಿತದ್ದು ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ, ಹಾಳೆ ಮಡಚುತ್ತಾ. ದೊಡ್ಡ ಹಾಳೆಯಲ್ಲಿ ಎಷ್ಟೋ ಪುಟಗಳು ಒಟ್ಟಿಗೆ ಅಚ್ಚಾಗಿ ಬರುತ್ತವೆ. ಒಂದನೇ ಪುಟದ ಪಕ್ಕ ಹದಿನಾರು, ಒಂದರ ತಲೆಗೆ ತಲೆ ಕೊಟ್ಟುಕೊಂಡು ಎಂಟು. ಸರಿಯಾಗಿ ಮಡಚಿದರಷ್ಟೇ ಕತೆ ಸಾಲಾಗಿ ಕೂರುತ್ತದೆ. ಹಾಗಾಗಿ ನಮ್ಮೋಳನ್ನು ನಾನು ಮೊದಲು ನೋಡಿದ್ದೇ ತಲೆಕೆಳಗಾಗಿ!

ಅವಳು ಹಗಲು ಅಗರಬತ್ತಿ ಕಾರ್ಖಾನೆಯಲ್ಲಿ ಬತ್ತಿ ಹೊಸೆಯುವ ಹುಡುಗಿ. ಉಸಿರು ಬಿಗಿಹಿಡಿದಷ್ಟು ಹೊತ್ತು ಅವಳಿಗೆ ಆನೆಬಲ. ಉಸಿರು ಬಿಟ್ಟರೆ ನಮ್ಮ ನಿಮ್ಮ ಹಾಗೆ. ಕಳ್ಳನನ್ನು ಹಿಡಿದು ಕಂಬಕ್ಕೆ ಕಟ್ಟಿದ ಮೇಲೆ ಏದುಸಿರು ಬಿಡುತ್ತಾ "ನೋವಾಯ್ತಾ ಅಣ್ಣಾ?" ಎಂದು ಕೇಳುತ್ತಿದ್ದಳು. ಮನೆಗೆ ಬಂದರೆ ಅವಳ ಅವ್ವ "ಎಲ್ಲೇ ತಿರುಗಕ್ಕೋಗಿದ್ದೆ?" ಎಂದು ಬೈದು, ಹೊಸಿಲ ಮೇಲೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಪ್ರತಿ ಕತೆಯೂ ಎಣ್ಣೆ ಹಚ್ಚುವಲ್ಲಿಗೆ ಮುಗಿಯುತ್ತಿತ್ತು. ಕತೆಯನ್ನೂ ಚಿತ್ರವನ್ನೂ ಒಬ್ಬರೇ ಬರೆಯುತ್ತಿದ್ದರು. ಸಣಕಲು ಮನುಷ್ಯ. ಪ್ರೆಸ್ಸಿಗೆ ಬಂದಾಗ ನಮ್ಮೆಲ್ಲರನ್ನೂ "ಏನವ್ವಾ, ನಮ್ಮುಡುಗಿ ಹೆಂಗಿದಾಳೆ?" ಎಂದು ಕೇಳುತ್ತಿದ್ದರು, ಅವಳೇನೋ ನಮ್ಮ ಜೊತೆ ಊಟದ ಡಬ್ಬಿ ಬಿಚ್ಚುವವಳು ಎನ್ನುವ ಹಾಗೆ.

ಅವರು ಬಿಟ್ಟುಹೋದ ಮೇಲೆ ಎರಡನೆಯವರು ಬಂದರು. ಅವರ ಕೈಗೆ ಬರುವ ಹೊತ್ತಿಗೆ ಅವ್ವ ಕಾರ್ಖಾನೆಗೆ ಬಿದ್ದ ಬೆಂಕಿಯಲ್ಲಿ ಸತ್ತಿದ್ದಳು. ನಮ್ಮೋಳು ಕಳ್ಳರ ಕೈ ಮುರಿಯತೊಡಗಿದಳು. ನೋವಾಯ್ತಾ ಎಂದು ಕೇಳುವುದನ್ನು ನಿಲ್ಲಿಸಿದಳು. ಉಸಿರಿನ ಲೆಕ್ಕವೂ ಹೋಯಿತು, ಇಡೀ ಪುಸ್ತಕ ಹೊಡೆದಾಡಿದರೂ ಅವಳಿಗೆ ಏದುಸಿರಿಲ್ಲ. ಮೂರನೆಯವರು ಬಂದು ಅವಳನ್ನು ಹಾರಿಸಿದರು. ಬೆಳ್ಳಿ ಬಣ್ಣದ ಬಟ್ಟೆ ತೊಡಿಸಿದರು. ಕಾರ್ಖಾನೆಯೂ ಇಲ್ಲ, ಹೊಸಿಲೂ ಇಲ್ಲ, ಮೋಡದ ಮೇಲೆ ಒಬ್ಬಳೇ. ಒಂದೇ ಹೆಣ್ಣನ್ನು ಮೂರು ಮನೆಗೆ ಸೊಸೆ ಮಾಡಿ ಕಳಿಸಿದಂತಾಯಿತು. ಪ್ರತಿ ಮನೆಯವರೂ ಅವಳ ನಡೆ, ನುಡಿ, ಸೀರೆ ಉಡುವ ರೀತಿ ಎಲ್ಲ ತಿದ್ದಿದರು. ಕೊನೆಗೆ ತವರಿನವರಿಗೇ ಗುರುತು ಸಿಗಲಿಲ್ಲ. ಆಮೇಲೆ ಪುಸ್ತಕವೇ ನಿಂತುಹೋಯಿತು.

ಮಡಚುವಾಗ ಹರಿದ ಪ್ರತಿಗಳನ್ನು ನಮಗೇ ಕೊಡುತ್ತಿದ್ದರು. ಅವನ್ನೆಲ್ಲ ಕೂಡಿಸಿಟ್ಟು ನನ್ನ ಮೊಮ್ಮಗಳಿಗೆ ಓದಿ ಹೇಳಿದ್ದೆ. ಆರು ವರ್ಷದವಳಿದ್ದಾಗ, ಬೆಂಕಿಯ ಕತೆ ಕೇಳಿ ನನ್ನ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತಳು. "ಅವ್ವ ನಿಜವಾಗ್ಲೂ ಸತ್ತೋದ್ಲಾ ಅಜ್ಜಿ?" ಎಂದು ಬಿಕ್ಕಿದಳು. ನಾನು ಬೆನ್ನು ಸವರಿದೆ. ಉತ್ತರ ಹೇಳಲಿಲ್ಲ.

ಉತ್ತರ ನನಗೆ ಗೊತ್ತಿತ್ತು. ಅದೇ ನನ್ನ ಕರ್ಮ.

ಈಗ ಆ ಪುಸ್ತಕವನ್ನು ಮತ್ತೆ ತರಲು ಬಸವೇಶ್ವರನಗರದ ಒಂದು ಕಚೇರಿಯವರು ಹೊರಟರು. ಬರೆಯಲು ಮೂವರನ್ನು ಆರಿಸಿ, ಒಬ್ಬೊಬ್ಬರಿಗೂ ಒಂದೊಂದು ಪರೀಕ್ಷೆಯ ಕತೆ ಬರೆಯಲು ಹೇಳಿದರು. ಷರತ್ತು ಒಂದೇ. ಹಿಂದಿನ ಮೂರೂ ಜನ ಬರೆದ ಹುಡುಗಿ ಒಬ್ಬಳೇ ಹುಡುಗಿ ಎಂದು ಓದುವವರಿಗೆ ಅನ್ನಿಸಬೇಕು, ಯಾವುದನ್ನೂ ಸುಳ್ಳೆಂದು ಅಳಿಸಬಾರದು. ಆ ಮೂವರಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ಜ್ಞಾನಭಾರತಿಯಲ್ಲಿ ಕನ್ನಡ ಎಂ.ಎ. ಮುಗಿಸಿದ ಮೇಲೆ ಎರಡು ವರ್ಷದಿಂದ ಅವಳು ಬರೆದದ್ದೆಲ್ಲ ವಾಪಸ್ಸು ಬರುತ್ತಿತ್ತು. ಅವಳ ತಾಯಿ, ಅಂದರೆ ನನ್ನ ಮಗಳು, ಖಡಾಖಂಡಿತವಾಗಿ ಹೇಳಿದ್ದಳು: ಇದೇ ಕೊನೆ. ಆಗದಿದ್ದರೆ ವಿಜಯನಗರದ ಕೋಚಿಂಗ್ ಸೇರಿ ಸರ್ಕಾರಿ ಪರೀಕ್ಷೆಗೆ ಕೂರಬೇಕು, ಕತೆ ಗಿತೆ ಎಲ್ಲ ಅಟ್ಟಕ್ಕೆ. ಮೊಮ್ಮಗಳು ತಾಯಿಯ ಕೈ ಮುಟ್ಟಿ ಒಪ್ಪಿದ್ದಳು.

ಕತೆ ಕೊಡಬೇಕಾಗಿದ್ದುದರ ಹಿಂದಿನ ದಿನ ಮಧ್ಯಾಹ್ನ. ಮೊಮ್ಮಗಳು ಹಾಲ್ ತುಂಬ ಹಳೇ ಪುಸ್ತಕ ಹರಡಿಕೊಂಡು ನಡುವೆ ಕೂತಿದ್ದಳು. ನಾನು ಮಂಚದ ಮೇಲೆ ಒಗೆದ ಬಟ್ಟೆ ಮಡಚುತ್ತಿದ್ದೆ. ಇವತ್ತಿಗೂ ಬಟ್ಟೆ ಮಡಚುವಾಗ ನನಗೆ ಅಂಚಿಗೆ ಅಂಚು ಕೂಡಬೇಕು. ಮಗಳು ಬಂದು ಕಾಫಿ ಇಟ್ಟಳು.

"ಇನ್ನೂ ಆ ಗೊಂಬೆ ಪುಸ್ತಕಾನೇ ದಿಟ್ಟಿಸ್ಕೊಂಡು ಕೂತಿದೀಯಾ? ಎಷ್ಟು ಪುಟ ಆಯ್ತು?"

"ಒಂದೂ ಆಗಿಲ್ಲಮ್ಮಾ."

"ಸೋಮವಾರ ಕೋಚಿಂಗು. ಮಾತು ಜ್ಞಾಪಕ ಇದೆ ತಾನೆ?"

"ಇದೆ. ಮೂರು ಹೊತ್ತೂ ಊಟದ ಜೊತೆ ಬಡಿಸ್ತೀಯಲ್ಲ, ಹೆಂಗೆ ಮರೀಲಿ?"

ಮಗಳು ಒಳಗೆ ಹೋದಳು. ಮೊಮ್ಮಗಳು ಎರಡು ಪುಸ್ತಕಗಳನ್ನು ಅಕ್ಕಪಕ್ಕ ಹಿಡಿದು ನನಗೆ ತೋರಿಸಿದಳು. ಎಡಗೈಯಲ್ಲಿ ಬೆಂಕಿಯ ಕತೆ. ಬಲಗೈಯಲ್ಲಿ ಅದರ ಮುಂದಿನ ತಿಂಗಳದ್ದು.

"ನೋಡಜ್ಜಿ. ಇಲ್ಲಿವರ್ಗೂ ಕಳ್ಳನಿಗೂ ಅಣ್ಣಾ ಅನ್ನೋಳು. ಇಲ್ಲಿಂದ ಕೈ ಮುರಿಯೋಳು. ಅವ್ವ ಸತ್ತಿದ್ದಕ್ಕೆ ಕೋಪ, ಒಪ್ಕೊಂಡೆ. ಆದ್ರೆ ಅವ್ವ ಸತ್ತಿದ್ದನ್ನ ಯಾರೂ ತೋರಿಸೇ ಇಲ್ಲ. ಹೊಗೆ ಇದೆ, ಕತೆ ಮುಗಿದೋಯ್ತು. ಎಣ್ಣೆ ಹಚ್ಚೋದೂ ಇಲ್ಲ. ಮೊದಲನೇವರು ಒಂದ್ಸಲಾನೂ ಹಂಗೆ ಮುಗಿಸಿದೋರಲ್ಲ. ಬರೆಯೋರು ಬದಲಾದ್ರು ಅದಕ್ಕೆ ಅವಳೂ ಬದಲಾದ್ಲು ಅಂತ ಕತೇಲಿ ಬರಿಯಕ್ಕಾಗುತ್ತಾ? ಇಲ್ಲೇನೋ ಬಿಟ್ಟೋಗಿದೆ ಅಜ್ಜಿ."

ನನ್ನ ಕೈಯಲ್ಲಿದ್ದ ಟವೆಲ್ ಅಂಚಿಗೆ ಅಂಚು ಕೂಡಲಿಲ್ಲ. ಮತ್ತೆ ಬಿಡಿಸಿ ಮಡಚಿದೆ. ಮತ್ತೆ ಕೂಡಲಿಲ್ಲ.

ಆಗಿದ್ದು ಇಷ್ಟು. ಆ ತಿಂಗಳ ಕತೆ ಎರಡು ಪುಟ ಹೆಚ್ಚಾಗಿತ್ತು. ಆ ಎರಡು ಪುಟವನ್ನು ಬೇರೆ ಹಾಳೆಯಲ್ಲಿ ಅಚ್ಚು ಹಾಕಿ, ಪ್ರತಿ ಪುಸ್ತಕದ ಕೊನೆಗೂ ಮೈದಾ ಅಂಟಿನಿಂದ ಅಂಟಿಸಬೇಕಿತ್ತು. ಆ ಕೆಲಸ ನನ್ನದು. ನಡುವೆ ಆಯುಧಪೂಜೆ ಬಂತು. ಮೆಷಿನ್ನು, ಕತ್ತರಿ, ಅಂಟಿನ ಡಬ್ಬಿ ಎಲ್ಲವನ್ನೂ ತೊಳೆದು ಪೂಜೆಗೆ ಇಡುವುದು ಎಲ್ಲ ಕಡೆಯೂ ಉಂಟು. ನಮ್ಮ ಪ್ರೆಸ್ಸಿನಲ್ಲಿ ಆಗತಾನೆ ಅಚ್ಚಾದ ಹಾಳೆಯ ಕಟ್ಟೊಂದನ್ನೂ ದೇವರ ಮುಂದೆ ಇಡುತ್ತಿದ್ದರು. ಯಾವ ಕಟ್ಟು ಎಂದು ಕೇಳಿದಾಗ ನಾನೇ ಈ ಎರಡು ಪುಟದ ಹಾಳೆಗಳನ್ನು ತಂದಿಟ್ಟೆ. ಅದರ ಮೇಲೆ ಅವ್ವನ ನಗುಮುಖ ಇತ್ತು, ಬೇರೆ ಹಾಳೆಗಳಲ್ಲೆಲ್ಲ ಬೆಂಕಿ. ದೇವರ ಮುಂದೆ ಬೆಂಕಿ ಇಡುವುದು ಹೇಗೆ? ಹಬ್ಬ ಕಳೆದು ಪೂಜೆ ಎತ್ತಿದ ಮೇಲೆ ಅಂಟಿಸಿದರಾಯಿತು, ಪುಸ್ತಕ ಹೊರಡಲು ಇನ್ನೂ ದಿನವಿದೆ ಎಂದುಕೊಂಡಿದ್ದೆ.

ಮಂಗಳಾರತಿ ಆಗಿ ಗಂಟೆಯೂ ಕಳೆದಿರಲಿಲ್ಲ, ಟೆಂಪೋ ಬಂದು ನಿಂತಿತು. ಮಕ್ಕಳ ರಜೆ ಮುಗಿಯುವ ಮೊದಲೇ ಪುಸ್ತಕ ಅಂಗಡಿಗಳಲ್ಲಿ ಇರಬೇಕಂತೆ. ಪ್ರೆಸ್ಸಿನ ಮಾಲೀಕರು ಬಾಗಿಲಲ್ಲೇ ನಿಂತು "ಕೊನೇ ಹಾಳೆ ಅಂಟ್ಸಿದೀರೇನಮ್ಮಾ?" ಎಂದು ಕೂಗಿದರು. ಪೂಜೆಗೆ ಇಟ್ಟದ್ದನ್ನು ಅವತ್ತೇ ಎತ್ತಿದರೆ ಎತ್ತಿದವಳ ಕೈಗೆ ಕೆಲಸ ಹತ್ತುವುದಿಲ್ಲ ಎನ್ನುತ್ತಿದ್ದರು. ಗಂಡ ಇಲ್ಲದ ಮನೆ, ಓದುವ ಮಗಳು. ನನಗೆ ಇದ್ದದ್ದೇ ಆ ಎರಡು ಕೈ. ಕಟ್ಟಿನ ಮೇಲೆ ಕುಂಕುಮ, ಚೆಂಡುಹೂವು. ನನ್ನ ಬಾಯಿಂದ "ಹೂಂ ಸಾರ್" ಎಂದು ಬಂದುಬಿಟ್ಟಿತು.

ಟೆಂಪೋ ಹೋಯಿತು. ನಾಡಿನ ಮಕ್ಕಳಿಗೆಲ್ಲ ಅವ್ವ ಸತ್ತುಹೋದಳು.

ರಜೆ ಕಳೆಯುವ ಹೊತ್ತಿಗೆ ಪ್ರೆಸ್ಸಿಗೆ ಕಾಗದಗಳು ಚೀಲಗಟ್ಟಲೆ ಬಂದಿದ್ದವು. ಮಕ್ಕಳು ಅತ್ತು ಬರೆದಿದ್ದರು. ಪುಸ್ತಕ ಹೊರಡಿಸುವ ಯಜಮಾನರಿಗೆ ಖುಷಿಯೋ ಖುಷಿ. ಹಾಳೆ ಏನಾಯಿತೆಂದು ಹುಡುಕುವ ಬದಲು "ಸತ್ತಿದ್ದೇ ಒಳ್ಳೇದಾಯ್ತು, ಹಂಗೇ ಇರ್ಲಿ" ಎಂದರಂತೆ. ಬರೆದವರು ಒಪ್ಪಲಿಲ್ಲ. ಜಗಳವಾಡಿಕೊಂಡು ಬಿಟ್ಟುಹೋದರು. ಹೋಗುವ ಮುನ್ನ ಒಮ್ಮೆ ನಮ್ಮ ಬೈಂಡಿಂಗ್ ಕೋಣೆಯ ಬಾಗಿಲಿಗೆ ಬಂದು ನಿಂತರು. "ಅವಳ ಅವ್ವನ್ನ ಸಾಯಿಸೋಕೆ ನಾನು ಬರೀಲಿಲ್ಲ ಕಣ್ರವ್ವಾ. ಕೊನೇ ಹಾಳೆ ಎಲ್ಲೋಯ್ತು, ಯಾರಾದ್ರೂ ನೋಡಿದ್ರಾ?" ಎಂದು ಕೇಳಿದರು. ನಾನು ತಲೆ ಎತ್ತದೆ ಮಡಚುತ್ತಲೇ ಇದ್ದೆ. ಪೂಜೆ ಎತ್ತಿದ ಮೇಲೆ ಆ ಹಾಳೆಗಳನ್ನು ದಿನಾ ಒಂದಿಷ್ಟು ಚೀಲದಲ್ಲಿ ಬಚ್ಚಿಟ್ಟು ಸಾಗಿಸುತ್ತಿದ್ದೆ. ಮನೆಗೆ ತಂದು ಬಚ್ಚಲ ಒಲೆಗೆ ಹಾಕಿದೆ. ಕುಂಕುಮ ಬಿದ್ದಿದ್ದ ಮೇಲಿನ ಒಂದು ಹಾಳೆಯನ್ನು ಮಾತ್ರ ಸುಡಲು ಕೈ ಬರಲಿಲ್ಲ. ಟ್ರಂಕಿನ ತಳದಲ್ಲಿ, ನನ್ನ ಮದುವೆ ಸೀರೆಯ ಅಡಿ ಇಟ್ಟೆ.

ಇದನ್ನೆಲ್ಲ ನಾನು ಈ ಮಗುವಿಗೆ ಹೇಗೆ ಹೇಳಲಿ? ಹೇಳಿದರೆ ನಾನು ಅವಳ ಕಣ್ಣಲ್ಲಿ ಏನಾಗುತ್ತೇನೆ? ಹೇಳದಿದ್ದರೆ ಸೋಮವಾರ ಅವಳು ಬ್ಯಾಗು ನೇತುಹಾಕಿಕೊಂಡು ಕೋಚಿಂಗಿಗೆ ಹೋಗುತ್ತಾಳೆ, ನಾನು ಕಿಟಕಿಯಿಂದ ನೋಡುತ್ತೇನೆ. ಟವೆಲನ್ನು ಕೆಳಗಿಟ್ಟೆ. ಟ್ರಂಕು ಎಳೆದೆ.

ಮೊಮ್ಮಗಳು ಹಾಳೆಯನ್ನು ಎರಡೂ ಕಡೆ ಓದಿದಳು. ಅದರಲ್ಲಿ ಅವ್ವ ಒದ್ದೆ ಗೋಣಿಚೀಲ ಹೊದ್ದುಕೊಂಡು ಕಾರ್ಖಾನೆಯ ಹಿಂಬಾಗಿಲಿಂದ ಹೊರಬರುತ್ತಾಳೆ. ಮನೆಗೆ ಹೋಗಿ, ಎಣ್ಣೆ ಬಟ್ಟಲು ತೊಡೆಯ ಮೇಲಿಟ್ಟುಕೊಂಡು, ಹೊಸಿಲ ಮೇಲೆ ನಗುತ್ತಾ ಮಗಳಿಗೆ ಕಾಯುತ್ತಾಳೆ. ಅಲ್ಲಿಗೆ ಆ ತಿಂಗಳು ಮುಗಿಯಬೇಕಿತ್ತು.

ನಾನು ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ನೋಡಿದ ನೋಟ ಇವತ್ತು ಇಷ್ಟು ಸಂತೋಷದಲ್ಲೂ ಮರೆಯಲಾಗುತ್ತಿಲ್ಲ.

"ನಾನು ಅತ್ತಿದ್ದೆ ಅಜ್ಜಿ. ನಿನ್ನ ಮಡಿಲಲ್ಲೇ ಅತ್ತಿದ್ದೆ. ನೀನು ಸುಮ್ನೆ ಕೂತಿದ್ದೆ."

"ಹೂಂ ಕಂದಾ."

"ಬದುಕಿದಾಳೆ ಅಂತ ಒಂದ್ ಮಾತು ಹೇಳಕ್ಕೆ ಏನಾಗಿತ್ತು ನಿಂಗೆ?"

ಅವಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗಳು ಅಡುಗೆಮನೆಯಿಂದ ಇಣುಕಿ "ಏನಮ್ಮಾ ಮಾಡ್ದೆ ಅವಳಿಗೆ? ನಾಳೆ ಕೊಡ್ಬೇಕು ಕಣಮ್ಮಾ!" ಎಂದು ನನ್ನ ಮೇಲೇ ಹಾರಿದಳು. ಗಡಿಯಾರ ಮೂರು ಹೊಡೆಯಿತು, ನಾಲ್ಕು ಹೊಡೆಯಿತು. ಬಾಗಿಲ ಹೊರಗೆ ನೆಲದ ಮೇಲೆ ಕೂತೆ. ಒಳಗೆ ಸದ್ದಿಲ್ಲ. ಇದ್ದ ಒಂದು ದಿನವನ್ನೂ ನಾನೇ ಕೆಡಿಸಿದೆನಲ್ಲ!

ಐದಾಗುವ ಹೊತ್ತಿಗೆ ಬಾಗಿಲು ತೆರೆಯಿತು. ಕಣ್ಣು ಕೆಂಪಗಿದ್ದವು, ಕೈಯಲ್ಲಿ ಪೆನ್ನಿತ್ತು.

"ಎರಡನೇವರನ್ನ ಸುಮ್ಸುಮ್ನೆ ಬೈಕೊಂಡ್ವಿ ಅಜ್ಜಿ. ಅವರು ತಪ್ಪೇನೂ ಬರೀಲಿಲ್ಲ. ತಾಯಿ ಸತ್ತಳು ಅನ್ಕೊಂಡಿರೋ ಹುಡುಗೀನ ಸರಿಯಾಗೇ ಬರೆದಿದಾರೆ." ನನ್ನ ಪಕ್ಕದಲ್ಲೇ ನೆಲಕ್ಕೆ ಕೂತಳು. "ಆ ಬೆಂಕಿ ದಿನ ಹೊಗೆಯೊಳಗೆ ನುಗ್ಗಕ್ಕೆ ಉಸಿರು ಬಿಗಿಹಿಡಿದ್ಲಲ್ಲ, ಅದನ್ನ ಬಿಡಲೇ ಇಲ್ಲ ಅವಳು. ಅದಕ್ಕೇ ಆಮೇಲೆ ಏದುಸಿರು ಬರ್ಲಿಲ್ಲ. ನೋವಾಯ್ತಾ ಅಂತ ಕೇಳ್ಬೇಕಾದ್ರೆ ಉಸಿರು ಬಿಡ್ಬೇಕು. ಕೇಳ್ಲಿಲ್ಲ. ವರ್ಷಗಟ್ಲೆ ಉಸಿರು ತುಂಬ್ಕೊಂಡು ತುಂಬ್ಕೊಂಡು ಮೈ ಹಗುರ ಆಗಿ ಕೊನೆಗೆ ಹಾರೇಬಿಟ್ಲು. ಮೂರನೇವರದ್ದೂ ನಿಜಾನೇ ಆಯ್ತು. ಮನೆ ಖಾಲಿ ಅನ್ಕೊಂಡು ಈ ಕಡೆಗೇ ಬರ್ಲಿಲ್ಲ ಅವಳು. ಅವ್ವ ಮಾತ್ರ ಇನ್ನೂ ಹೊಸಿಲ ಮೇಲೇ ಇದಾಳೆ."

ಅದೆಂಥ ಹೊಲಿಗೆ ಹಾಕಿದಳು ನೋಡಿ! ಮೂರು ಜನರ ಮೂರು ದಾರಿಯ ಹಾಳೆಗಳನ್ನು ಒಂದೇ ದಾರದಲ್ಲಿ ಪೋಣಿಸಿದಳು.

"ಆದ್ರೆ ಹಾಳೆ ಎಲ್ಲಿಂದ ಬಂತು ಅಂತ ಕೇಳ್ತಾರೆ ಅಜ್ಜಿ. ಕಟ್ಟುಕತೆ ಅಂತಾರೆ. ನೀನೇ ಬಂದು ಹೇಳ್ಬೇಕು."

"ಬರ್ತೀನಿ" ಎಂದೆ.

ಮರುದಿನ ಬಸವೇಶ್ವರನಗರದ ಆ ಕಚೇರಿಯ ಮೆಟ್ಟಿಲನ್ನು ಮೊಮ್ಮಗಳ ಭುಜ ಹಿಡಿದು ಹತ್ತಿದೆ. ಸಂಪಾದಕಿ ನನ್ನ ಮಗಳ ವಯಸ್ಸಿನ ಹೆಂಗಸು. ಕತೆಯನ್ನು ಓದುವ ಮೊದಲೇ ಹಾಳೆಯನ್ನು ಕೈಗೆ ತೆಗೆದುಕೊಂಡರು. ಕುಂಕುಮದ ಕಲೆಯ ಮೇಲೆ ಬೆರಳಾಡಿಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ನಾನು ಐದನೇ ಕ್ಲಾಸಲ್ಲಿದ್ದೆ" ಎಂದರು. "ಊಟ ಬಿಟ್ಟಿದ್ದೆ. ಕಾಗದಾನೂ ಬರೆದಿದ್ದೆ, ಅವ್ವನ್ನ ವಾಪಸ್ ತನ್ನಿ ಅಂತ."

"ತಪ್ಪಾಯ್ತು ತಾಯಿ" ಎಂದೆ. ಕೈ ಮುಗಿದೆ. ಆ ಚೀಲಗಳಲ್ಲಿ ಇವರ ಕಾಗದವೂ ಇತ್ತು.

ಅವರು ಮೊಮ್ಮಗಳ ಕತೆಯನ್ನು ಅಲ್ಲೇ ಓದಿ ಮುಗಿಸಿ ಅವಳ ಕಡೆ ತಿರುಗಿದರು. ದನಿ ಗಡುಸಾಯಿತು. "ಹಾಳೆ ತಂದಿದೀರಿ ಅಂತ ಕೆಲಸ ಕೊಡಲ್ಲ. ಅದು ಬೇರೆ, ಇದು ಬೇರೆ. ಮೊದಲನೇವರು ಬರೆದಿದ್ದು ಸಿಕ್ಕಿದೆಯಲ್ಲ, ಮಿಕ್ಕಿದ್ದೆಲ್ಲ ಕನಸು ಅಂತ ಬಿಸಾಕಿ ಇಲ್ಲಿಂದಲೇ ಶುರು ಮಾಡಬಹುದಿತ್ತು. ಯಾಕೆ ಮಾಡ್ಲಿಲ್ಲ?"

"ಬೇಡ ಅಂತ ನೀವೇ ಷರತ್ತು ಹಾಕಿದ್ರಲ್ಲ ಮೇಡಂ."

"ಷರತ್ತು ಇಲ್ದೇ ಇದ್ದಿದ್ರೆ?"

"ಆಗ್ಲೂ ಮಾಡ್ತಿರ್ಲಿಲ್ಲ. ಅವಳು ಹಾರ್ತಿದ್ದಾಗ ಓದಿದ ಮಕ್ಕಳೂ ಇದಾರೆ. ನೀವು ಓದಿದ ಹುಡುಗಿ ಸುಳ್ಳು ಅಂತ ಅವರಿಗೆ ಹೇಳಕ್ಕಾಗಲ್ಲ ನಂಗೆ."

ಸಂಪಾದಕಿ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. "ಇನ್ನಿಬ್ಬರದೂ ಓದ್ಬೇಕು. ಫೋನ್ ಮಾಡ್ತೀವಿ" ಎಂದು ಕತೆಯನ್ನೂ ಹಾಳೆಯನ್ನೂ ಇಟ್ಟುಕೊಂಡರು.

ಸೋಮವಾರ ಬಂತು. ಮಗಳು ಬಾಯಿ ಬಿಟ್ಟು ಕೋಚಿಂಗ್ ಎನ್ನಲಿಲ್ಲ, ಆದರೆ ಅರ್ಜಿಯನ್ನು ಫ್ರಿಜ್ಜಿನ ಮೇಲೆ ಕಾಣುವ ಹಾಗೆ ಇಟ್ಟಳು. ಫೋನ್ ಬಡಿದುಕೊಂಡಾಗಲೆಲ್ಲ ಮೂವರೂ ಬೆಚ್ಚುತ್ತಿದ್ದೆವು. ಒಂದು ಸಲ ಗ್ಯಾಸಿನವನು, ಒಂದು ಸಲ ಸಾಲ ಬೇಕಾ ಎಂದು ಕೇಳುವವಳು. ಮೊಮ್ಮಗಳು ಅವಳಿಗೆ ಬೈದಳು, ಆಮೇಲೆ ಪಾಪ ಎಂದಳು. ಗುರುವಾರ ಅರ್ಜಿ ತುಂಬಿದಳು. ಸಹಿ ಮಾತ್ರ ಬಾಕಿ. ಇವತ್ತು ಬೆಳಗ್ಗೆ ಫೋನ್ ಬಂದಾಗ ಅವಳ ಕೈಯಲ್ಲಿ ಪೆನ್ನಿತ್ತು.

ಮಧ್ಯಾಹ್ನ ಅವಳು ಕಚೇರಿಗೆ ಹೋಗಿ ಬಂದಳು. ಹಾಳೆಯನ್ನು ವಾಪಸ್ಸು ತಂದಿದ್ದಳು. ಅವರು ಅದರ ಫೋಟೋ ತೆಗೆದುಕೊಂಡು, "ಇದು ಅಜ್ಜಿ ಕೆಲಸ, ಅಜ್ಜಿನೇ ಮುಗಿಸ್ಲಿ" ಎಂದು ಕೊಟ್ಟು ಕಳಿಸಿದರಂತೆ.

ನನಗೆ ಅರ್ಥವಾಯಿತು. ಒಲೆಯ ಒಂದು ಕಡೆ ಶಾವಿಗೆ ಪಾಯಸ ಕುದಿಯುತ್ತಿತ್ತು, ಇನ್ನೊಂದು ಕಡೆ ನಾನು ಸಣ್ಣ ಪಾತ್ರೆಯಲ್ಲಿ ಮೈದಾ ಅಂಟು ಕಾಯಿಸಿದೆ. "ಪಾಯಸಕ್ಕೆ ಬಿದ್ದಾತು ಕಣಮ್ಮಾ" ಎಂದು ಮಗಳು ಹೆದರಿಸಿದಳು. ಬೆಂಕಿಯ ಕತೆಯ ಆ ಹಳೇ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಕೊನೆಯ ಪುಟದ ಅಂಚಿಗೆ ಬೆರಳಲ್ಲಿ ಅಂಟು ಎಳೆದು, ಹಾಳೆ ಕೂರಿಸಿ ಒತ್ತಿದೆ. ಅಂಚಿಗೆ ಅಂಚು ಕೂಡಿತು.

ಸಂಜೆ ಮೊಮ್ಮಗಳ ಅಪ್ಪ, ನನ್ನ ಅಳಿಯ, ಡ್ಯೂಟಿ ಮುಗಿಸಿ ಬಂದರು. ಮೇಜಿನ ತುಂಬ ಪುಸ್ತಕಗಳೇ ಇದ್ದುದರಿಂದ ನಾಲ್ವರೂ ನೆಲದ ಮೇಲೆ ಸಾಲಾಗಿ ಕೂತೆವು. ಹಿತುಕಿದ ಬೇಳೆ ಸಾರು, ಬಿಸಿ ಮುದ್ದೆ. ನನ್ನ ಕೈ ನೋಡಿ ಮಗಳು "ಅಂಟು ಇನ್ನೂ ಹಂಗೇ ಇದೆ, ತೊಳ್ಕೊಂಡು ಬಾರಮ್ಮಾ" ಎಂದಳು.

"ಮೈದಾ ತಾನೇ ಬಿಡಮ್ಮಾ" ಎಂದಳು ಮೊಮ್ಮಗಳು. "ನಮ್ಮೋಳ ಅವ್ವನ ಥರ ಎಲ್ಲೇ ತಿರುಗಕ್ಕೋಗಿದ್ದೆ ಅಂತ ಬೈದು ಬಡಿಸು."

ಮಗಳು ನಿಜವಾಗಿಯೂ ಬೈದಳು. ಬೈಯುತ್ತಲೇ ನನ್ನ ತಟ್ಟೆಗೆ ಮುದ್ದೆ ಇಟ್ಟು, ಗುಳಿ ಮಾಡಿ, ಸಾರು ಸುರಿದಳು. ಎಲ್ಲರೂ ಉಣ್ಣತೊಡಗಿದೆವು.